ಹಳೆಯ ಕಾರ್ಬನ್ ಫ್ರೇಮು ನಿರುಪಯುಕ್ತವೇ?

ಸೈಕಲ್ಲು ಬಡವರ ವಾಹನವೆಂಬ ಮಾತು ನಮ್ಮಲ್ಲಿ ಬಹು ಹಿಂದಿನಿಂದ ನಡೆದು ಬಂದಿದೆ. ಶಾಲೆಗೆ, ಹೊಲಕ್ಕೆ, ಸಂತೆಗೆ ಹೋಗುವ ಸೈಕಲ್ಲಿನ ಮಟ್ಟಿಗೆ ಅದು ಇಂದಿಗೂ ನಿಜವೇ. ಆದರೆ ಪಂದ್ಯದ ಸೈಕಲ್ಲಿನ ಮಾತು ಬೇರೆ. ಅದರ ಅಸ್ಥಿಪಂಜರವಾದ ಫ್ರೇಮನ್ನು ಈಗ ಬಹುಮಟ್ಟಿಗೆ ಕಾರ್ಬನ್ ಎಳೆಗಳಿಂದ ಮಾಡುತ್ತಾರೆ. ಅಂಥ ಹೊಸ ಸೈಕಲ್ಲಿನ ಬೆಲೆಯನ್ನು ಲಕ್ಷ ರೂಪಾಯಿಗಳಲ್ಲಿ ಎಣಿಸಬೇಕಾಗುತ್ತದೆ. ಒಬ್ಬ ನೇಕಾರನ ಅಥವಾ ರೈತನ ಮನೆಯಲ್ಲಿ ಮಗನ ಇಲ್ಲವೆ ಮಗಳ ಸೈಕಲ್ಲಿಗಾಗಿ ಅಷ್ಟು ಹಣವನ್ನು ತೆಗೆದಿಡುವುದು ಎಷ್ಟರ ಮಟ್ಟಿಗೆ ಸಾಧ್ಯವೆಂಬುದನ್ನು ವಾಚಕರೇ ಊಹಿಸಬಹುದು.

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕನ್ನೇ ನೋಡಿರಿ. ಶಬರಿಕೊಳ್ಳದ ನೆರೆಯಲ್ಲಿರುವ ಸುರೇಬಾನ ಮಗ್ಗಗಳ ಊರು. ಅದೇ ತಾಲೂಕಿನ ಚಂದರಗಿಯಲ್ಲಿ ವಸತಿ ಕ್ರೀಡಾಶಾಲೆಯೊಂದುಂಟು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಈ ಸೀಮೆಯ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರೇ ನಮ್ಮ ರಾಜ್ಯದ ಸೈಕಲ್ ತಂಡಗಳ ಬೆನ್ನೆಲುಬಾಗಿದ್ದಾರೆ. ಕಾಲಿನ ಬಲಕ್ಕೆ ಇಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಸಲಕರಣೆಗೆ. ಇಂಥ ತರುಣರ ಕಣ್ಣಿಗೆ ಹಳೆಯ ಸಾಮಾನಿನ ಪೇಟೆಯಲ್ಲಿ ಹತ್ತು ಹದಿನೈದು ವರ್ಷದ ಕಾರ್ಬನ್ ಫ್ರೇಮು ಬಿದ್ದಿತೆನ್ನಿ. ಬೆಲೆ ಹೊಸದರ ಒಂದು ಸಣ್ಣ ಪಾಲು. ಒಂದು ಕಡೆಯಿಂದ ಚಕ್ರ, ಇನ್ನೊಂದು ಕಡೆಯಿಂದ ಬ್ರೇಕು, ಮತ್ತೊಂದು ಕಡೆಯಿಂದ ಗೇರು ತಂದು ಜೋಡಿಸಿದರೆ ಪಂದ್ಯಕ್ಕೆ ತಕ್ಕ ಸೈಕಲ್ಲು ಆದೀತೇ?

ಈ ಪ್ರಶ್ನೆಗೆ ಎರಡು ಉತ್ತರಗಳು ರೂಢಿಯಲ್ಲಿವೆ. ಕಾರ್ಬನ್ನಿಗೆ ಆಯುಸ್ಸು ಕಡಿಮೆ, ಕೆಲವು ವರ್ಷಗಳಲ್ಲಿ ಅದು ತಾನಾಗಿ ಸತ್ತ್ವಗುಂದುತ್ತದೆ, ಹಳೆಯದನ್ನು ಮುಟ್ಟಲೇಬೇಡಿರಿ ಎಂಬುದು ಒಂದು. ಬಣ್ಣ ಹೊಳೆಯುತ್ತಿದೆ, ಬಿರುಕು ಕಾಣುತ್ತಿಲ್ಲ, ಹತ್ತಿ ಹೊರಡಿರಿ ಎಂಬುದು ಇನ್ನೊಂದು. ನಮ್ಮ ಅಭಿಪ್ರಾಯದಲ್ಲಿ ಎರಡೂ ತಪ್ಪು. ಮೊದಲನೆಯದು ವಸ್ತುವಿನ ಗುಣವನ್ನು ಅರಿಯದ ಭಯ. ಎರಡನೆಯದು ವಸ್ತುವಿನ ದೋಷವನ್ನು ಅರಿಯದ ಧೈರ್ಯ. ಹಳೆಯ ಫ್ರೇಮನ್ನು ಪರೀಕ್ಷಿಸಿ, ಅಳೆದು, ಯೋಗ್ಯವಾದರೆ ಮರಳಿ ಕಟ್ಟುವುದೇ ಸರಿಯಾದ ದಾರಿಯೆಂದೂ, ಆ ಪರೀಕ್ಷೆಯನ್ನು ನಮ್ಮ ಶಾಲಾ ಕಾಲೇಜುಗಳು ಕಲಿಸಬೇಕೆಂದೂ ನಾವು ಹೇಳುತ್ತೇವೆ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ವಿವರಿಸುವೆವು.

ಮೊದಲು ಈ ಪದಾರ್ಥವೇನೆಂಬುದನ್ನು ತಿಳಿಯೋಣ. ದಾರವನ್ನು ಗಾಳಿ ತಾಕದಂತೆ ಕಾಯಿಸಿ ಇಂಗಾಲವನ್ನಷ್ಟೇ ಉಳಿಸುವ ವಿದ್ಯೆ ಹೊಸದಲ್ಲ. 1879ರಲ್ಲಿ ಎಡಿಸನ್ ತನ್ನ ವಿದ್ಯುದ್ದೀಪದೊಳಗೆ ಇಟ್ಟದ್ದು ಹೀಗೆ ಕರಿಕಾಗಿಸಿದ ಹತ್ತಿಯ ನೂಲನ್ನೇ. ಆದರೆ ಆ ಎಳೆ ಬೆಳಕು ಕೊಟ್ಟೀತೇ ಹೊರತು ಭಾರವನ್ನು ಹೊರಲಾರದು. 1960ರ ಸುಮಾರಿಗೆ ಜಪಾನಿನ ಅಕಿಯೋ ಶಿಂಡೋ ಎಂಬ ವಿಜ್ಞಾನಿ ಪಾಲಿಅಕ್ರಿಲೋನೈಟ್ರೈಲ್ ಎಂಬ ಕೃತಕ ನೂಲಿನಿಂದ ಗಟ್ಟಿಯಾದ ಇಂಗಾಲದ ಎಳೆಯನ್ನು ತೆಗೆದನು. ಆ ನೂಲನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಒಯ್ಯುತ್ತಾರೆ. ಕೊನೆಗೆ ಉಳಿಯುವ ಎಳೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಏಳರಷ್ಟು ಭಾಗ ಮಾತ್ರ. ಇಂಥ ಸಾವಿರಾರು ಎಳೆಗಳ ಜಡೆಗಳನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ಎಂಬ ರಾಳದಲ್ಲಿ ತೋಯಿಸಿ, ಅಚ್ಚಿನಲ್ಲಿ ಒತ್ತಿ ಬೇಯಿಸಿದರೆ ಫ್ರೇಮು ಸಿದ್ಧವಾಗುತ್ತದೆ. ಹೀಗೆ ಮಾಡಿದ ವಸ್ತುವಿನ ಒಂದು ಘನ ಸೆಂಟಿಮೀಟರು ಸುಮಾರು 1.6 ಗ್ರಾಂ ತೂಗಿದರೆ, ಅಲ್ಯುಮಿನಿಯಮ್ 2.7 ಗ್ರಾಂ, ಉಕ್ಕು 7.8 ಗ್ರಾಂ ತೂಗುತ್ತದೆ.

ಸುರೇಬಾನದ ನೇಕಾರನಿಗೆ ಈ ವಸ್ತುವಿನ ಮರ್ಮ ಬಹು ಬೇಗ ತಿಳಿದೀತು. ಹಾಸು ಯಾವ ಕಡೆಗಿದೆ, ಹೊಕ್ಕು ಯಾವ ಕಡೆಗಿದೆ ಎಂಬುದರ ಮೇಲೆ ಬಟ್ಟೆಯ ಬಲ ನಿಂತಿದೆಯೆಂದು ಅವನು ಬಲ್ಲ. ನೂಲಿನ ಉದ್ದಕ್ಕೆ ಎಳೆದರೆ ಜಗ್ಗದ ಬಟ್ಟೆ ಓರೆಯಾಗಿ ಎಳೆದರೆ ಜಗ್ಗುತ್ತದೆ. ಕಾರ್ಬನ್ ಫ್ರೇಮಿನಲ್ಲಿಯೂ ಹೀಗೆಯೇ. ಎಳೆಯ ಉದ್ದಕ್ಕೆ ಅದರ ಬಲ ಅಪಾರ. ಎಳೆಗೆ ಅಡ್ಡಲಾಗಿ ಭಾರವನ್ನು ತಾಳುವುದು ರಾಳ ಮಾತ್ರ, ಮತ್ತು ರಾಳದ ಬಲ ಅಲ್ಪ. ಆದುದರಿಂದ ತಯಾರಕರು ಒಂದು ಪದರವನ್ನು ನೇರವಾಗಿ, ಇನ್ನೊಂದನ್ನು ಓರೆಯಾಗಿ, ಮತ್ತೊಂದನ್ನು ಅಡ್ಡಲಾಗಿ ಹಾಸುತ್ತಾರೆ. ಹೊರಗೆ ಕಾಣುವ ಅಂದವಾದ ನೇಯ್ಗೆ ಎಷ್ಟೋ ವೇಳೆ ಮೇಲಿನ ಒಂದು ಪದರ ಮಾತ್ರ. ಭಾರವನ್ನು ಹೊರುವ ಪದರಗಳು ಅದರ ಕೆಳಗೆ ಮರೆಯಾಗಿರುತ್ತವೆ. ಈ ವಿದ್ಯೆ ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. 2001ನೆಯ ಇಸವಿಯ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಗಳು ಕಾರ್ಬನ್ ಎಳೆಯವೇ. ಅದರ ಭಾಗಗಳ ನಿರ್ಮಾಣದಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದ ಕೈವಾಡವಿದೆ.

ಇನ್ನು ಮುಪ್ಪಿನ ಪ್ರಶ್ನೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಅದು ಕಡೆಗೆ ತುಂಡಾಗುವುದನ್ನು ಎಲ್ಲರೂ ನೋಡಿದ್ದೇವೆ. ಇದೇ ಲೋಹದ ದಣಿವು. ಉಕ್ಕಿಗೆ ಒಂದು ಮೇರೆಯುಂಟು. ಆ ಮೇರೆಯೊಳಗಿನ ಭಾರವನ್ನು ಅದು ಲೆಕ್ಕವಿಲ್ಲದಷ್ಟು ಸಲ ತಾಳಬಲ್ಲದು. ಅಲ್ಯುಮಿನಿಯಮ್ಮಿಗೆ ಅಂಥ ಸ್ಪಷ್ಟ ಮೇರೆಯಿಲ್ಲ. ಸಣ್ಣ ಭಾರವೂ ಬಹಳ ಸಲ ಬಿದ್ದರೆ ಅದು ಎಂದಾದರೊಂದು ದಿನ ದಣಿಯುತ್ತದೆ. ಚೆನ್ನಾಗಿ ಮಾಡಿದ ಕಾರ್ಬನ್ ವಸ್ತು ದಣಿವನ್ನು ತಾಳುವುದರಲ್ಲಿ ಅಲ್ಯುಮಿನಿಯಮ್ಮಿಗಿಂತ ಬಹಳ ಮೇಲು. ಕೇವಲ ವರ್ಷಗಳು ಉರುಳಿದವೆಂಬ ಕಾರಣದಿಂದ ಅದು ಸಾಯುವುದಿಲ್ಲ. 1986ರ ಫ್ರಾನ್ಸ್ ಪ್ರವಾಸ ಪಂದ್ಯವನ್ನು ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಕಾರ್ಬನ್ ನಳಿಗೆಗಳ ಸೈಕಲ್ಲಿನ ಮೇಲೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಚಿನ್ನವನ್ನು ಗೆದ್ದದ್ದು ಲೋಟಸ್ ಸಂಸ್ಥೆಯ ಕಾರ್ಬನ್ ಸೈಕಲ್ಲಿನ ಮೇಲೆ. ಅಂದರೆ ಈ ವಿದ್ಯೆ ಪಂದ್ಯದ ದಾರಿಯಲ್ಲಿ ಪಳಗಿ ದಶಕಗಳೇ ಕಳೆದಿವೆ.

ಹಾಗಾದರೆ ಕಾರ್ಬನ್ ಕೆಡುವುದು ಯಾವುದರಿಂದ? ಪೆಟ್ಟಿನಿಂದ. ಉಕ್ಕಿನ ನಳಿಗೆಗೆ ಕಲ್ಲು ತಾಗಿದರೆ ಅದು ತಗ್ಗುತ್ತದೆ; ಪೆಟ್ಟಿನ ಸಾಕ್ಷಿ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ತಗ್ಗುವುದಿಲ್ಲ. ಮೇಲಿನ ಬಣ್ಣ ಹಾಗೆಯೇ ಇರಬಹುದು, ಒಳಗೆ ಮಾತ್ರ ಒಂದು ಪದರ ಇನ್ನೊಂದರಿಂದ ಬಿಟ್ಟಿರಬಹುದು. ಆ ಬಿಡುವು ಸವಾರಿಯ ಭಾರದಲ್ಲಿ ಮೆಲ್ಲಗೆ ಹರಡಿ, ಒಂದು ದಿನ ಇಳಿಜಾರಿನಲ್ಲಿ ಮುನ್ಸೂಚನೆಯಿಲ್ಲದೆ ನಳಿಗೆ ಮುರಿಯಬಹುದು. ಎರಡನೆಯ ಕಾರಣ ಅತಿಯಾದ ಬಿಗಿತ. ತಿರುಪನ್ನು ಮಿತಿ ಮೀರಿ ಬಿಗಿದಾಗ ತೆಳುವಾದ ಗೋಡೆ ನಜ್ಜುಗುಜ್ಜಾಗುತ್ತದೆ. ಮೂರನೆಯದು ರಸಾಯನಶಾಸ್ತ್ರದ ವಿಷಯ. ಕಾರ್ಬನ್ ವಿದ್ಯುದ್ವಾಹಕ. ಅಲ್ಯುಮಿನಿಯಮ್ ಅದಕ್ಕೆ ತಾಗಿದ್ದು ನಡುವೆ ಬೆವರಿನ ಉಪ್ಪುನೀರು ಸೇರಿದರೆ, ನೀವು ಪ್ರಯೋಗಶಾಲೆಯಲ್ಲಿ ಕಂಡ ವಿದ್ಯುತ್ಕೋಶದಂಥದೇ ಒಂದು ಕೋಶ ಅಲ್ಲಿ ಏರ್ಪಡುತ್ತದೆ. ಅಲ್ಯುಮಿನಿಯಮ್ ಸವೆದು ಬಿಳಿಯ ಪುಡಿಯಾಗುತ್ತದೆ. ಹಳೆಯ ಫ್ರೇಮುಗಳಲ್ಲಿ ಸೀಟಿನ ಕೊಳವೆ ಕಚ್ಚಿಕೊಂಡಿರುವುದಕ್ಕೂ, ಪೆಡಲಿನ ಅಚ್ಚು ಕೂರುವ ಲೋಹದ ಬಳೆ ಅಂಟು ಬಿಟ್ಟು ಸಡಿಲವಾಗುವುದಕ್ಕೂ ಇದು ಒಂದು ಮುಖ್ಯ ಕಾರಣ.

ಕಾರಣ ತಿಳಿದ ಮೇಲೆ ಪರೀಕ್ಷೆ ಕಠಿಣವಲ್ಲ. ಫ್ರೇಮಿನಿಂದ ಎಲ್ಲ ಭಾಗಗಳನ್ನೂ ಬಿಚ್ಚಿ, ತೊಳೆದು, ಒರಸಿ, ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ನಳಿಗೆಗಳು ಕೂಡುವ ಸಂದುಗಳು, ಪೆಡಲಿನ ಅಚ್ಚಿನ ಸುತ್ತು, ಹ್ಯಾಂಡಲಿನ ಕೆಳಗಿನ ತಲೆನಳಿಗೆ, ಹಿಂದಿನ ಚಕ್ರವನ್ನು ಹಿಡಿಯುವ ಕವಲುಗಳು, ಸೀಟಿನ ಹಿಡಿಕೆ, ಇವು ಮುಖ್ಯ ಸ್ಥಳಗಳು. ಗೆರೆಯೊಂದು ಕಂಡರೆ ಉಗುರಿನಿಂದ ಸವರಿರಿ. ಉಗುರು ಸಿಕ್ಕಿದರೆ, ಒತ್ತಿದಾಗ ಮೆತ್ತಗಾದರೆ, ಸಂಶಯಪಡಲೇಬೇಕು. ಬಳಿಕ ನಾಣ್ಯದ ಪರೀಕ್ಷೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಬೆರಳಿನಿಂದ ಬಡಿದು ಸಪ್ಪಳವನ್ನು ಕೇಳುವಂತೆ, ಒಂದು ರೂಪಾಯಿಯ ನಾಣ್ಯದಿಂದ ನಳಿಗೆಯುದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿಯಾದ ಕಡೆ ಸಪ್ಪಳ ಖಣಿಲೆನ್ನುತ್ತದೆ. ಪದರ ಬಿಟ್ಟ ಕಡೆ ಮಂಕಾಗುತ್ತದೆ. ಗೋಡೆಯ ದಪ್ಪ ಬದಲಾದಾಗಲೂ ಸಪ್ಪಳ ಬದಲಾಗುವುದರಿಂದ, ಎಡಗಡೆಯ ಕವಲನ್ನು ಬಲಗಡೆಯ ಅದೇ ಸ್ಥಳದೊಡನೆ ಹೋಲಿಸಬೇಕು. ವಿಮಾನಗಳ ತಪಾಸಣೆಯಲ್ಲಿಯೂ ಈ ಬಡಿಯುವ ಪರೀಕ್ಷೆಗೆ ಸ್ಥಾನವಿದೆಯೆಂದರೆ ಇದನ್ನು ಹಳ್ಳಿಯ ಉಪಾಯವೆಂದು ತಳ್ಳಿಹಾಕುವಂತಿಲ್ಲ. ಆದರೂ ಇದು ಸಂಶಯವನ್ನು ಹುಟ್ಟಿಸಬಲ್ಲದೇ ಹೊರತು ಸಂಶಯವನ್ನು ಪೂರ್ತಿ ನಿವಾರಿಸಲಾರದು. ನಾಣ್ಯ ಸಂಶಯಿಸಿದ್ದನ್ನು ಶ್ರವಣಾತೀತ ಧ್ವನಿಯ ಯಂತ್ರದಿಂದ ನಿರ್ಧರಿಸಿಕೊಳ್ಳತಕ್ಕದ್ದು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುವೆವು. ಹೊಸದಾಗಿ ಬಣ್ಣ ಬಳಿದ ಹಳೆಯ ಫ್ರೇಮನ್ನು ಕೊಳ್ಳಬಾರದು. ಬಣ್ಣ ಬಿರುಕನ್ನು ಮುಚ್ಚುತ್ತದೆ, ಬಣ್ಣ ತೆಗೆಯುವ ರಾಸಾಯನಿಕ ದ್ರಾವಣ ರಾಳವನ್ನೇ ಕೆಡಿಸುತ್ತದೆ. ಇನ್ನು, ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ಪೂರ್ವಚರಿತ್ರೆ ತಿಳಿಯದಿದ್ದರೆ ಅದನ್ನು ಬಳಸಲೇಬಾರದು. ಹಿಂದಿನ ಕವಲು ಸೀಳಿದರೆ ಸವಾರ ಬಹುಶಃ ನಿಂತಾನು; ಫೋರ್ಕಿನ ಕೊರಳು ಮುರಿದರೆ ಮುಖ ನೆಲಕ್ಕೆ ಬಡಿಯುತ್ತದೆ. ಉಳಿತಾಯ ಮಾಡಬೇಕಾದ ಸ್ಥಳ ಅದಲ್ಲ. ಹೊಸ ಫೋರ್ಕಿನ ಕೊರಳನ್ನು ಅಳತೆಗೆ ಕತ್ತರಿಸುವಾಗ ಮೂಗಿಗೆ ಮುಸುಕು ಕಟ್ಟಿ, ಗರಗಸವನ್ನು ನೀರಿನಿಂದ ಒದ್ದೆ ಮಾಡಿಕೊಳ್ಳಬೇಕು. ಆ ಕರಿಯ ಧೂಳು ಶ್ವಾಸಕೋಶಕ್ಕೆ ಹಿತವಲ್ಲ.

ಫ್ರೇಮು ಪರೀಕ್ಷೆಯಲ್ಲಿ ಗೆದ್ದಿತೆನ್ನಿ. ಮುಂದಿನ ಕೆಲಸ ಬಿಡಿಭಾಗಗಳನ್ನು ಹೊಂದಿಸುವುದು. ನಮ್ಮ ಮುಖ್ಯ ವಾದ ನಿಂತಿರುವುದು ಇಲ್ಲಿಯೇ. ಹಳೆಯ ಫ್ರೇಮುಗಳಲ್ಲಿ ಬಹುಪಾಲು ಮೂಲೆ ಸೇರುವುದು ವಸ್ತು ಕೆಟ್ಟುದರಿಂದಲ್ಲ, ಅಳತೆ ಬದಲಾದುದರಿಂದ. ಪೆಡಲಿನ ಅಚ್ಚಿನ ಗೂಡನ್ನೇ ತೆಗೆದುಕೊಳ್ಳಿರಿ. ನಮ್ಮಲ್ಲಿ ಮನೆಮಾತಾದ ಬಿ.ಎಸ್.ಎ. ಎಂಬ ಹೆಸರಿನ ಒಂದು ಅಳತೆಯುಂಟು: ಗೂಡಿನ ಅಗಲ 68 ಮಿ.ಮೀ., ವ್ಯಾಸ 1.37 ಅಂಗುಲ, ಅಂಗುಲಕ್ಕೆ 24 ತಿರುಪಿನ ಸುತ್ತು. ಬಲಗಡೆಯ ಬಟ್ಟಲು ಎಡಮುರಿ. ದಶಕಗಳ ಕಾಲ ನಾನಾ ದೇಶಗಳ ಕಾರ್ಖಾನೆಗಳು ಈ ಒಂದು ಅಳತೆಯನ್ನು ಒಪ್ಪಿ ನಡೆದವು. ಹೊಸ ಶತಮಾನದಲ್ಲಿ ತಿರುಪನ್ನು ಬಿಟ್ಟು ಒತ್ತಿ ಕೂರಿಸುವ ಗೂಡುಗಳು ಬಂದವು. ಒಂದೊಂದು ಸಂಸ್ಥೆಗೆ ಒಂದೊಂದು ವ್ಯಾಸ, ಒಂದೊಂದು ಅಗಲ. ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ 2018ರಲ್ಲಿ ರಸ್ತೆಯ ಪಂದ್ಯಗಳಿಗೆ ಡಿಸ್ಕ್ ಬ್ರೇಕನ್ನು ಪೂರ್ಣವಾಗಿ ಒಪ್ಪಿದ ಮೇಲೆ, ಹಿಂದಿನ ಚಕ್ರದ ಹಬ್ಬು 130 ಮಿ.ಮೀ.ನಿಂದ 142 ಮಿ.ಮೀ.ಗೆ ಸರಿಯಿತು. ಹಲ್ಲುಚಕ್ರಗಳ ಸಂಖ್ಯೆ ಹತ್ತರಿಂದ ಹನ್ನೊಂದು, ಹನ್ನೆರಡು ಎಂದು ಏರಿತು.

ಈ ಬದಲಾವಣೆಗಳಲ್ಲಿ ಕೆಲವಕ್ಕೆ ಅರ್ಥವಿದೆ. ಮಳೆಯಲ್ಲಿ ಡಿಸ್ಕ್ ಬ್ರೇಕು ರಿಮ್ಮಿನ ಬ್ರೇಕಿಗಿಂತ ಮೇಲೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಚ್ಚಿನ ಗೂಡಿಗೆ ಹತ್ತಾರು ಅಳತೆಗಳು ಬೇಕೆಂದು ಯಾವ ಭೌತಶಾಸ್ತ್ರವೂ ಹೇಳುವುದಿಲ್ಲ. ಈಚಿನ ವರ್ಷಗಳಲ್ಲಿ ಹಲವು ತಯಾರಕರು ಮತ್ತೆ ತಿರುಪಿನ ಗೂಡಿಗೇ ಮರಳಿರುವುದು ಇದಕ್ಕೆ ಸಾಕ್ಷಿ. ಅಳತೆಯ ಒಪ್ಪಂದ ಮುರಿದಾಗ ದಂಡ ತೆರುವವನು ಸವಾರ. ಗಟ್ಟಿಮುಟ್ಟಾದ ಫ್ರೇಮು ಒಂದು ಐವತ್ತು ಗ್ರಾಂ ಬಳೆ ಸಿಕ್ಕದೆಂಬ ಕಾರಣಕ್ಕೆ ಗೋಡೆಗೆ ತೂಗುಬೀಳುತ್ತದೆ.

ಆದುದರಿಂದ ಕೊಳ್ಳುವ ಮೊದಲೇ ವರ್ನಿಯರ್ ಕ್ಯಾಲಿಪರನ್ನು ಕೈಗೆ ತೆಗೆದುಕೊಳ್ಳಬೇಕು. ಪ್ರೌಢಶಾಲೆಯಲ್ಲಿ ಲೋಹದ ಗುಂಡಿನ ವ್ಯಾಸವನ್ನು ಅಳೆದು ಅಂಕ ಪಡೆದು ಮರೆತ ಆ ಉಪಕರಣಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಅಚ್ಚಿನ ಗೂಡಿನ ಅಗಲ ಮತ್ತು ವ್ಯಾಸ, ಹಿಂದಿನ ಕವಲುಗಳ ನಡುವಣ ಅಂತರ, ಫೋರ್ಕಿನ ಕೊರಳಿನ ವ್ಯಾಸ, ಸೀಟಿನ ಕೊಳವೆಯ ವ್ಯಾಸ, ಈ ನಾಲ್ಕು ಅಳತೆಗಳನ್ನು ಬರೆದಿಟ್ಟುಕೊಂಡೇ ಬಿಡಿಭಾಗಗಳನ್ನು ಹುಡುಕತಕ್ಕದ್ದು. 27.2 ಮಿ.ಮೀ. ಕೊಳವೆ ಬೇಕಾದಲ್ಲಿ 27.0 ಮಿ.ಮೀ. ಕೊಳವೆಯನ್ನಿಟ್ಟು ಬಿಗಿದರೆ, ಆ ಕೂದಲೆಳೆಯ ಅಂತರವೇ ನಳಿಗೆಯನ್ನು ಸೀಳಲು ಸಾಕು. ಗೇರಿನ ಹಿಡಿಯೂ ಹಿಂದಿನ ಡಿರೇಲರೂ ಒಂದೇ ಕುಲದವಾಗಿರಬೇಕು. ಹಿಡಿ ಎಳೆಯುವ ತಂತಿಯ ಉದ್ದಕ್ಕೂ ಚೈನು ಸರಿಯುವ ದೂರಕ್ಕೂ ಇರುವ ಪ್ರಮಾಣ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಒಂದು ದೃಷ್ಟಿಯಿಂದ ಹಳೆಯ ಫ್ರೇಮೇ ಬಡ ವಿದ್ಯಾರ್ಥಿಯ ಮಿತ್ರ. ತಿರುಪಿನ ಗೂಡು, 130 ಮಿ.ಮೀ. ಹಬ್ಬು, ರಿಮ್ಮಿನ ಬ್ರೇಕು, ಇವಕ್ಕೆ ಬೇಕಾದ ಬಿಡಿಭಾಗಗಳನ್ನು ಶ್ರೀಮಂತರು ತೆಗೆದಿಡುತ್ತಿರುವುದರಿಂದ ಅವು ಅಗ್ಗವಾಗಿ ದೊರೆಯುತ್ತವೆ.

ಜೋಡಿಸುವಾಗ ಬಿಗಿತವನ್ನು ಅಳೆಯುವ ಸ್ಪ್ಯಾನರು ಅವಶ್ಯಕ. ಅದು ಇಲ್ಲದಿದ್ದರೆ ಭೌತಶಾಸ್ತ್ರದ ಮೊದಲ ಪಾಠವೇ ನೆರವಾದೀತು. ಸೀಟಿನ ಹಿಡಿಕೆಗೆ ತಯಾರಕರು 5 ನ್ಯೂಟನ್-ಮೀಟರ್ ಎಂದು ಬರೆದಿದ್ದರೆ, 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 25 ನ್ಯೂಟನ್ ಬಲ ಸಾಕು. ಎಂದರೆ ಸುಮಾರು ಎರಡೂವರೆ ಕಿಲೋಗ್ರಾಂ ತೂಕದ ಎಳೆತ. ಸ್ಪ್ಯಾನರಿನ ತುದಿಗೆ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಲಂಬಕೋನದಲ್ಲಿ ಎಳೆದರೆ ಅಳತೆ ಸಿಕ್ಕಿತು. ತೋಳಿನ ಬಲವನ್ನು ನಂಬಿ ಬಿಗಿಯುವವನು ಇದರ ಇಮ್ಮಡಿ ಮುಮ್ಮಡಿಯನ್ನು ಸುಲಭವಾಗಿ ದಾಟುತ್ತಾನೆ.

ಹಳೆಯ ಫ್ರೇಮಿನಿಂದ ಪಂದ್ಯದಲ್ಲಿ ಹಿಂದೆ ಬೀಳುವುದಿಲ್ಲವೇ ಎಂದು ಕೆಲವರು ಕೇಳಿಯಾರು. ಲೆಕ್ಕ ಹಾಕೋಣ. ಸವಾರ 60 ಕಿ.ಗ್ರಾಂ., ಹಳೆಯ ಸೈಕಲ್ಲು 8.5 ಕಿ.ಗ್ರಾಂ., ಹೊಸದು 7.5 ಕಿ.ಗ್ರಾಂ. ಎಂದಿರಲಿ. ಒಟ್ಟು ಭಾರ 68.5ಕ್ಕೆ ಬದಲು 67.5, ವ್ಯತ್ಯಾಸ ಶೇಕಡ ಒಂದೂವರೆ. ಕಡಿದಾದ ಏರಿನಲ್ಲಿ ಶ್ರಮವೆಲ್ಲ ಗುರುತ್ವಕ್ಕೇ ಹೋಗುತ್ತದೆಂದು ಇಟ್ಟುಕೊಂಡರೂ, ಅರ್ಧ ಗಂಟೆಯ ಏರಿನಲ್ಲಿ ನಷ್ಟ 26 ಸೆಕೆಂಡು. ಮಲಪ್ರಭೆಯ ಬಯಲಿನಂಥ ಸಮಭೂಮಿಯಲ್ಲಿ ಇದು ಇನ್ನೂ ಕಡಿಮೆ. ಅಲ್ಲಿ ಸವಾರನ ಶ್ರಮದ ಬಹುಪಾಲನ್ನು ನುಂಗುವುದು ತೂಕವಲ್ಲ, ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಬೆನ್ನನ್ನು ಬಾಗಿಸಿ ಮೊಣಕೈ ಮಡಿಸುವ ಅಭ್ಯಾಸ ಕೊಡುವ ಲಾಭವನ್ನು ಆ ಒಂದು ಕಿಲೋಗ್ರಾಂ ಕೊಡಲಾರದು. ಮೇಲಿನ ಪಂದ್ಯಗಳಲ್ಲಿ ಅರೆ ಸೆಕೆಂಡಿಗೂ ಬೆಲೆಯುಂಟು, ನಿಜ. ಆದರೆ ಕಲಿಯುವ ವರ್ಷಗಳಲ್ಲಿ ಸೈಕಲ್ಲು ಇಲ್ಲದಿರುವುದಕ್ಕಿಂತ ದೊಡ್ಡ ಹಿನ್ನಡೆ ಯಾವುದಿದೆ?

ಉಕ್ಕಿನ ಸೈಕಲ್ಲೇ ಸಾಲದೇ ಎಂಬ ಆಕ್ಷೇಪವೂ ಬರಬಹುದು. ನಿತ್ಯದ ಓಡಾಟಕ್ಕೆ ಅದೇ ಮೇಲೆಂದು ನಾವೂ ಒಪ್ಪುತ್ತೇವೆ. ಕಲ್ಲಿನ ಹಾದಿ, ಭಾರದ ಚೀಲ, ಊರಿನ ಬೆಸುಗೆ ಅಂಗಡಿ, ಇವಕ್ಕೆಲ್ಲ ಉಕ್ಕೇ ಹೊಂದುತ್ತದೆ. ನಮ್ಮ ಮಾತು ಪಂದ್ಯಕ್ಕೆ ಸಿದ್ಧರಾಗುವವರ ಕುರಿತದ್ದು. ಮತ್ತು ಇನ್ನೊಂದು ವಿಷಯವನ್ನು ಗಮನಿಸಬೇಕು. ಮುರಿದ ಉಕ್ಕನ್ನು ಗುಜರಿಯವನು ಒಯ್ಯುತ್ತಾನೆ, ಅದು ಕುಲುಮೆಯಲ್ಲಿ ಕರಗಿ ಮತ್ತೆ ಉಕ್ಕಾಗುತ್ತದೆ. ಎಪಾಕ್ಸಿ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ರಾಳವನ್ನು ಸುಟ್ಟು ಎಳೆಯನ್ನು ಬೇರ್ಪಡಿಸುವ ಕಾರ್ಖಾನೆಗಳು ಹೊರದೇಶಗಳಲ್ಲಿವೆಯಾದರೂ, ಹಾಗೆ ದೊರೆಯುವುದು ತುಂಡು ಎಳೆ. ಅದರಿಂದ ಮೊದಲಿನಂಥ ಫ್ರೇಮಾಗದು. ಅಷ್ಟೊಂದು ಶಾಖವನ್ನು ವ್ಯಯಿಸಿ ಮಾಡಿದ ವಸ್ತುವನ್ನು ಗಟ್ಟಿಯಾಗಿರುವಾಗಲೇ ಮಣ್ಣಿಗೆ ಹಾಕುವುದು ವಿವೇಕವಲ್ಲ. ಕಾರ್ಬನ್ನಿಗೆ ಅತ್ಯುತ್ತಮವಾದ ಪುನರುಪಯೋಗವೆಂದರೆ ಅದರ ಮೇಲೆ ಸವಾರಿ ಮುಂದುವರಿಸುವುದೇ.

ಆದರೆ ಹದಿನಾರು ವರ್ಷದ ಹುಡುಗಿಯೊಬ್ಬಳು ಏಕಾಕಿಯಾಗಿ ನಾಣ್ಯ ಬಡಿದು ತನ್ನ ಪ್ರಾಣದ ವಿಷಯವನ್ನು ತೀರ್ಮಾನಿಸಬೇಕೆಂದು ನಾವು ಹೇಳುತ್ತಿಲ್ಲ. ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಸುತ್ತಮುತ್ತಲ ಜಿಲ್ಲೆಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳೂ ಪಾಲಿಟೆಕ್ನಿಕ್ಕುಗಳೂ ಇವೆ. ವಸ್ತುಗಳ ಬಲವನ್ನು ಅಳೆಯುವ ಯಂತ್ರಗಳು ಅಲ್ಲಿ ಪರೀಕ್ಷೆಯ ದಿನಕ್ಕಾಗಿ ಕಾದು ನಿಂತಿರುತ್ತವೆ. ಕ್ರೀಡಾಶಾಲೆಗಳೂ ಕ್ರೀಡಾನಿಲಯಗಳೂ ತಮ್ಮ ಹಳೆಯ ಫ್ರೇಮುಗಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕಳುಹಲಿ. ಸೈಕಲ್ಲಿನ ಸುರಕ್ಷತೆಗಾಗಿ ಐ.ಎಸ್.ಓ. 4210 ಎಂಬ ಅಂತಾರಾಷ್ಟ್ರೀಯ ನಿಯಮವಿದೆ. ಹೊಸ ಮಾದರಿಯ ಫ್ರೇಮು ಪೆಡಲಿನ ಭಾರವನ್ನು 1,00,000 ಸಲ ತಾಳಬೇಕೆಂದು ಅದು ವಿಧಿಸುತ್ತದೆ. ಹಳೆಯ ಫ್ರೇಮನ್ನು ಅಷ್ಟು ದಂಡಿಸಬೇಕಾಗಿಲ್ಲ. ಅಚ್ಚಿನ ಗೂಡಿಗೆ ಗೊತ್ತಾದ ಭಾರವನ್ನು ತೂಗಿಬಿಟ್ಟು ಅದು ಎಷ್ಟು ಬಾಗುತ್ತದೆಂದು ಅಳೆದು, ಆ ಅಂಕಿಯನ್ನು ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿದರೆ, ಅದು ಸಡಿಲವಾಗುತ್ತಿದ್ದರೆ ಸುಳಿವು ಸಿಗುತ್ತದೆ. ಪ್ರತಿಯೊಂದು ಫ್ರೇಮಿಗೂ ಒಂದು ನೋಟುಬುಕ್ಕು ಇರಲಿ: ಯಾವಾಗ ಬಿದ್ದಿತು, ಎಲ್ಲಿ ಪೆಟ್ಟು ತಗಲಿತು, ಯಾವ ಭಾಗ ಬದಲಾಯಿತು, ನಾಣ್ಯ ಏನು ಹೇಳಿತು. ಪೂರ್ವಚರಿತ್ರೆಯುಳ್ಳ ಹಳೆಯ ಫ್ರೇಮು ಪೂರ್ವಚರಿತ್ರೆಯಿಲ್ಲದ ಹೊಳೆಯುವ ಫ್ರೇಮಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಇದರಿಂದ ವಿದ್ಯಾರ್ಥಿಗೆ ಸೈಕಲ್ಲಷ್ಟೇ ದೊರೆಯುವುದಿಲ್ಲ. ಅಳತೆಯ ಶಿಸ್ತು, ವಿದ್ಯುದ್ರಸಾಯನದ ತಿಳಿವು, ಸನ್ನೆಯ ನಿಯಮ, ದಣಿವಿನ ಶಾಸ್ತ್ರ, ಇವೆಲ್ಲ ಪುಸ್ತಕದಿಂದ ಕೈಗೆ ಇಳಿಯುತ್ತವೆ. ಪರೀಕ್ಷೆಯಲ್ಲಿ ಸೋತ ಫ್ರೇಮನ್ನು ಕಂಡು, ಅದು ಎಷ್ಟೇ ಅಂದವಾಗಿದ್ದರೂ, ಗರಗಸದಿಂದ ಕೊಯ್ದು ಮತ್ತಾರೂ ಹತ್ತದಂತೆ ಮಾಡುವ ಮನೋಧೈರ್ಯವೂ ಬರಬೇಕು. ಉಳಿಸತಕ್ಕದ್ದನ್ನು ಉಳಿಸುವುದು, ಬಿಡತಕ್ಕದ್ದನ್ನು ಬಿಡುವುದು, ಇವೆರಡರ ನಡುವಣ ಗೆರೆಯನ್ನು ಅಳತೆಯಿಂದ ಎಳೆಯುವುದನ್ನು ನಮ್ಮ ತರುಣರು ಕಲಿತರೆ, ಬೆಲೆಯ ಚೀಟಿ ಅವರ ಹಾದಿಗೆ ಅಡ್ಡ ನಿಲ್ಲಲಾರದು.